ಪವುನಮ್ಮನ ಮೂರು ದಿನದ ಪಥ್ಯ

ತಿಂಗಳ ಮೊದಲನೆಯ ಭಾನುವಾರ ನಮ್ಮ ಬುಕಿಟ್ ಸೆರಾಯಿ ಊರಿನ ಫ್ಲಾಟುಗಳಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇರುತ್ತಿರಲಿಲ್ಲ. ಉಳಿದ ದಿನಗಳ ಮಾತು ಬೇರೆ.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರ್ಕಾರದ ಆರೋಗ್ಯ ವ್ಯಾನು ಮಾರಿಯಮ್ಮನ ಗುಡಿಯ ಮುಂದೆ ಬಂದು ನಿಲ್ಲುತ್ತಿತ್ತು. ನರ್ಸಮ್ಮನನ್ನು ನಮ್ಮವರು ಮಿಸ್ಸಿ ಎಂದು ಕರೆಯುವುದು ವಾಡಿಕೆ. ಮಿಸ್ಸಿ ರೊಕಿಯಾ ವ್ಯಾನಿನಿಂದ ಇಳಿದು ಗುಡಿಯ ಸಭಾಂಗಣದಲ್ಲಿ ಮೇಜು ಹಾಕಿಸಿಕೊಂಡು ಕೂರುತ್ತಿದ್ದರು. ನಮ್ಮವರು ಬರಿಹೊಟ್ಟೆಯಲ್ಲಿ ಸಾಲಾಗಿ ನಿಂತು ಬೆರಳು ಚುಚ್ಚಿಸಿಕೊಳ್ಳುತ್ತಿದ್ದರು. ಯಂತ್ರದಲ್ಲಿ ಬರುವ ಅಂಕಿ ಆರರೊಳಗಿದ್ದರೆ ಒಳ್ಳೆಯದು. ಏಳು ದಾಟಿದರೆ ಕಾಯಿಲೆ. ಅರವತ್ತು ಜನರಲ್ಲಿ ಐವತ್ತೈದು ಜನ ಆರರೊಳಗೇ ಬರುತ್ತಿದ್ದರು. ಮೂವತ್ತನಾಲ್ಕು ವರ್ಷ ತಮಿಳು ಶಾಲೆಯಲ್ಲಿ ಪಾಠ ಹೇಳಿದವನು ನಾನು. ಯಾವ ವರ್ಷವೂ ನನ್ನ ತರಗತಿಯ ಫಲಿತಾಂಶ ಇಷ್ಟು ಚೆನ್ನಾಗಿ ಬಂದದ್ದಿಲ್ಲ.

ಈ ಫಲಿತಾಂಶದ ಕೀರ್ತಿಯೆಲ್ಲ ಒಬ್ಬ ಹೆಂಗಸಿಗೆ ಸೇರಬೇಕಾದದ್ದು. ಅವಳು ಪವುನಮ್ಮ. ಫ್ಲಾಟಿನ ಕೆಳಗೆ ಬಸ್ಸು ನಿಲ್ಲುವ ಜಾಗದಲ್ಲಿ ವಡೆ ಕರಿದು ಮಾರುವವಳು. ಓದು ಬರಹ ಇಲ್ಲ. ಆದರೆ ಪರೀಕ್ಷೆಯಲ್ಲಿ ಪಾಸಾಗುವ ವಿದ್ಯೆಯಲ್ಲಿ ಅವಳಿಗೆ ಸಮನಾದವರನ್ನು ನಾನು ಕಂಡಿಲ್ಲ.

ಆ ವಿದ್ಯೆಯನ್ನು ಅವಳು ಕಲಿತದ್ದು ಕಲ್ಲುಸೇತುವೆ ತೋಟದಲ್ಲಿ. ಇಂಗ್ಲಿಷ್ ದೊರೆ ಆ ರಬ್ಬರ್ ತೋಟಕ್ಕೆ ಬೇರೆ ಏನೋ ಹೆಸರಿಟ್ಟಿದ್ದನಂತೆ. ಕೂಲಿಗೆಂದು ಕಡಲು ದಾಟಿ ಮಲಾಯಕ್ಕೆ ಬಂದ ನಮ್ಮ ತಮಿಳರ ನಾಲಿಗೆಗೆ ಅದು ದಕ್ಕಲಿಲ್ಲ. ಅಲ್ಲಿ ಬೆಳಗಿನ ಐದು ಗಂಟೆಗೆ ಪೆರಟ್ಟು, ಎಂದರೆ ಆಳುಗಳ ಹಾಜರಿ, ನಡೆಯುತ್ತಿತ್ತು. ಲಾಟೀನಿನ ಬೆಳಕಿನಲ್ಲಿ ಕಂಗಾಣಿ ಎಂಬ ಮೇಸ್ತ್ರಿ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದ. ಪಕ್ಕದಲ್ಲಿ ತೋಟದ ಆಸ್ಪತ್ರೆಯ ಡ್ರೆಸ್ಸರ್ ನಿಂತಿರುತ್ತಿದ್ದ. ಅವನು ಡಾಕ್ಟರನಲ್ಲ, ಆದರೆ ನಮ್ಮ ಪಾಲಿಗೆ ಡಾಕ್ಟರನಿಗಿಂತ ದೊಡ್ಡವನು. ಅನುಮಾನ ಬಂದವರ ರೆಪ್ಪೆ ಎಳೆದು ನೋಡುತ್ತಿದ್ದ, ನಾಲಿಗೆ ಚಾಚಿಸುತ್ತಿದ್ದ, ಹಣೆ ಮುಟ್ಟುತ್ತಿದ್ದ. ಆಮೇಲೆ ಒಂದೇ ಮಾತು: ಕೆಲಸಕ್ಕೆ ಆಗುತ್ತಾನೆ, ಇಲ್ಲವೇ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೆಸರಿನ ಪಕ್ಕದಲ್ಲಿ ಕೆಂಪು ಶಾಯಿಯ ಗೀಟು. ಗೀಟುಗಳು ಕೂಡುತ್ತ ಹೋದರೆ ಹೆಸರಿಗೇ ಗೀಟು. ಹೆಸರು ಹೋದರೆ ತೋಟದವರು ಕೊಟ್ಟ ಲೈನುಮನೆಯೂ ಹೋಯಿತು.

ಪವುನಮ್ಮನ ಗಂಡ ಏಳುಮಲೈ ಕೆಮ್ಮಿಕೊಂಡೇ ಮರದ ಹತ್ತಿರ ಹೋಗುತ್ತಿದ್ದವನು. ಒಂದು ದಿನ ಪೆರಟ್ಟಿನಲ್ಲಿ ಕೆಮ್ಮು ತಡೆಯಲಾಗಲಿಲ್ಲ. ಡ್ರೆಸ್ಸರ್ ಕರವಸ್ತ್ರ ನೋಡಿದ, ಪುಸ್ತಕ ನೋಡಿದ, ತಲೆಯಾಡಿಸಿದ. ಒಂದು ತಿಂಗಳಲ್ಲಿ ಹೆಸರು ಹೋಯಿತು. ಎಂಟು ದಿನ ಅವಕಾಶ ಕೊಟ್ಟರು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು, ಒಂದು ಅಮ್ಮಿಕಲ್ಲು ಎತ್ತಿನ ಗಾಡಿಯಲ್ಲಿ ಹೊರಟದ್ದನ್ನು ನಾನು ಶಾಲೆಯ ಜಗುಲಿಯಿಂದ ನೋಡಿದ್ದೇನೆ. ಆಗ ನಾನು ಹೊಸದಾಗಿ ಬಂದ ಮೇಷ್ಟರು. ನಾದಿನಿಯ ಮನೆಯ ಅಡುಗೆಕೋಣೆಯಲ್ಲಿ ಏಳುಮಲೈ ವರ್ಷ ತುಂಬುವುದರೊಳಗೆ ತೀರಿಹೋದ. ಪವುನಮ್ಮ ಮಗಳನ್ನು ಕಂಕುಳಲ್ಲಿಟ್ಟುಕೊಂಡು ತಿರುಗಿ ಬಂದು, ಹೆಸರು ಬರೆದುಕೊಳ್ಳಿ ಎಂದು ಕಚೇರಿಯ ಮುಂದೆ ನಿಂತಳು. ಬರೆದುಕೊಂಡರು.

ಅಲ್ಲಿಂದ ಇಪ್ಪತ್ತಾರು ವರ್ಷ ಅವಳ ಹೆಸರಿನ ಪಕ್ಕದಲ್ಲಿ ಒಂದು ಕೆಂಪು ಗೀಟೂ ಬೀಳಲಿಲ್ಲ. ಜ್ವರ ಬಂದರೆ ಸಾಲಿನಲ್ಲಿ ತನ್ನ ಸರದಿ ಬರುವವರೆಗೆ ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡಿರುತ್ತಿದ್ದಳು. ನಾಲಿಗೆ ಬಿಳಿಚಿದ್ದರೆ ಎಲೆಯಡಿಕೆ. ಮುಖ ಬಾಡಿದ್ದರೆ ಕೆನ್ನೆಗೆ ಎರಡು ಏಟು, ತಾನೇ ಹೊಡೆದುಕೊಳ್ಳುವುದು. ಒಮ್ಮೆ ಇದನ್ನೆಲ್ಲ ನನಗೆ ವಿವರಿಸಿ, ಕೊನೆಗೆ ಅವಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ.

"ಡ್ರೆಸ್ಸರ್ ನಮ್ಮ ಹತ್ರ ಕಾಯಿಲೆ ಇದೆಯಾ ಇಲ್ವಾ ಅಂತ ನೋಡಲ್ಲ ಮೇಷ್ಟ್ರೇ. ಹೆಸರು ಇಟ್ಕೊಳ್ಳೋದಾ ಹೊಡೆದು ಹಾಕೋದಾ ಅಂತ ನೋಡ್ತಾನೆ."

ಮುಂದೆ ತೋಟ ಮಾರಾಟವಾಯಿತು. ರಬ್ಬರ್ ಮರಗಳು ಹೋಗಿ ತಾಳೆಯೆಣ್ಣೆಯ ಗಿಡಗಳು ಬಂದವು. ಅವೂ ಹೋಗಿ ಸಾಹುಕಾರರ ಬಂಗಲೆಗಳು ಬಂದವು. ನಾವೆಲ್ಲ ಪೇಟೆಯ ಅಂಚಿನ ಐದು ಅಂತಸ್ತಿನ ಫ್ಲಾಟುಗಳಿಗೆ ಬಂದೆವು. ಶಾಲೆಯೂ ಬಂತು, ಗುಡಿಯೂ ಬಂತು. ಡ್ರೆಸ್ಸರ್ ಬರಲಿಲ್ಲ. ಅವನ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಜಿಲ್ಲಾ ಆಸ್ಪತ್ರೆ ಮೂವತ್ತೆಂಟು ಕಿಲೋಮೀಟರ್ ದೂರ. ಎರಡು ಬಸ್ಸು ಹತ್ತಿ ಇಳಿಯಬೇಕು. ಮರ ಮರಕ್ಕೂ ಓಡಾಡುತ್ತಿದ್ದ ಜನ ಕುಳಿತಲ್ಲೇ ಕುಳಿತರು. ಊಟ ಮಾತ್ರ ಮರ ಮರಕ್ಕೂ ಓಡುವವರ ಊಟವೇ ಉಳಿಯಿತು.

ಕೆಲವು ವರ್ಷಗಳ ಮೇಲೆ ರಾಜ್ಯದ ಆರೋಗ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಬೆವರುತ್ತಿದ್ದರೂ ಟೈ ಸಡಿಲ ಮಾಡದವರು. ಗುಡಿಯ ಸಭಾಂಗಣದಲ್ಲಿ ಪರದೆ ಕಟ್ಟಿಸಿ ಒಂದು ಚಿತ್ರ ತೋರಿಸಿದರು. ಅದರಲ್ಲಿ ಮೂರು ಕಂಬಗಳಿದ್ದವು. ಹಸಿರು ಕಂಬ ಮಲಾಯರದು, ಕೆಂಪು ಕಂಬ ಚೀನೀಯರದು, ಹಳದಿ ಕಂಬ ನಮ್ಮದು. ನಮ್ಮ ಕಂಬ ಉಳಿದೆರಡಕ್ಕಿಂತ ಬಹಳ ಎತ್ತರವಾಗಿತ್ತು. ಯಾವುದಾದರೂ ಒಂದು ವಿಷಯದಲ್ಲಿ ನಮ್ಮವರು ಈ ದೇಶದಲ್ಲಿ ಎಲ್ಲರಿಗಿಂತ ಮೇಲೆ ನಿಂತದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ. ಹಿಂದೆ ಕುಳಿತವರಲ್ಲಿ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅದು ಸಕ್ಕರೆ ಕಾಯಿಲೆಯ ಕಂಬ ಎಂದು ಅಧಿಕಾರಿ ಆಮೇಲೆ ತಿಳಿಸಿದರು.

ಸಣ್ಣ ಊರುಗಳಲ್ಲಿ, ಅಲ್ಪಸಂಖ್ಯಾತರಿಗೆ ಕಾಯಿಲೆ ಹೆಚ್ಚು, ಔಷಧ ಕಡಿಮೆ. ಈ ಅಂತರವನ್ನು ಇಳಿಸುವುದೇ ಯೋಜನೆ, ಅದಕ್ಕಾಗಿ ತಿಂಗಳಿಗೊಮ್ಮೆ ವ್ಯಾನು, ಎಂದರು. ಮಿಸ್ಸಿ ರೊಕಿಯಾ ಯಾವ ದಿನ ಬೇಕಾದರೂ ಬರಲು ಸಿದ್ಧವಾಗಿದ್ದರು. ದಿನಾಂಕ ಗೊತ್ತುಮಾಡಿ ಮೊದಲೇ ತಿಳಿಸಬೇಕು ಎಂದು ಪಟ್ಟು ಹಿಡಿದವನು ನಾನು. ಸೂಚನೆ ಕೊಡದೆ ಪರೀಕ್ಷೆ ಮಾಡುವುದು ಅನ್ಯಾಯ ಎಂಬುದು ನನ್ನ ವೃತ್ತಿಯ ನಂಬಿಕೆ. ಗುಡಿಯ ಕಪ್ಪುಹಲಗೆಯ ಮೇಲೆ ನಾನೇ ದುಂಡಗೆ ಬರೆದೆ.

ಮೊದಲ ತಿಂಗಳು ಅರವತ್ತು ಜನರಲ್ಲಿ ನಲವತ್ತೊಂದು ಜನ ಏಳು ದಾಟಿದರು. ಅಲ್ಲಿಯೂ ದೊಡ್ಡ ಅನಾಹುತವಾಗುತ್ತಿರಲಿಲ್ಲ. ಆದರೆ ಮಿಸ್ಸಿ ರೊಕಿಯಾ, ಪಾಪ, ತಮ್ಮ ಅನುಕೂಲಕ್ಕೆಂದು ಆ ನಲವತ್ತೊಂದು ಹೆಸರುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗೀಟು ಹಾಕಿದರು.

ಸಾಲಿನಲ್ಲಿ ನಿಂತಿದ್ದವರು ಅದನ್ನು ನೋಡಿದರು.

ಎರಡನೆಯ ಅಂತಸ್ತಿನ ವೀರಾಯಿಯ ಅಂಕಿ ಹದಿನೆಂಟು. ಅವಳಿಗೆ ಒಂದು ಕಾರ್ಡು ಬರೆದುಕೊಟ್ಟು, ದಿನಕ್ಕೆ ಮೂರರಂತೆ ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟರು. ಮಿಕ್ಕವರಿಗೆ ಮುಂದಿನ ತಿಂಗಳು ಮತ್ತೊಮ್ಮೆ ನೋಡಿ ಕೊಡುವುದೆಂದಾಯಿತು. ಮಾತ್ರೆ ಸಿಕ್ಕಿದ ವೀರಾಯಿಯನ್ನು ಜನ ಸಾಂತ್ವನ ಹೇಳುವವರಂತೆ ನೋಡಿದರು. ಪವುನಮ್ಮನ ಅಂಕಿ ಹದಿಮೂರು. ಸಂಜೆ ಅವಳು ನನ್ನ ಬಾಗಿಲಿಗೆ ಬಂದು ಒಂದೇ ಪ್ರಶ್ನೆ ಕೇಳಿದಳು: ಎಷ್ಟು ಬಂದರೆ ಪಾಸು? ಆರು ಎಂದೆ. ಉತ್ತರ ಹೇಳುವುದು ನನಗೆ ಅಭ್ಯಾಸ; ಪ್ರಶ್ನೆ ಯಾಕೆ ಎಂದು ಕೇಳುವುದು ಅಭ್ಯಾಸವಿಲ್ಲ.

ಪವುನಮ್ಮನ ಪಥ್ಯ ಹೀಗೆ ಶುರುವಾಯಿತು. ಗುರುವಾರ ಸಂಜೆಯಿಂದ ಅನ್ನ ಬಂದ್. ಶುಕ್ರವಾರ, ಶನಿವಾರ ಮೂರು ಹೊತ್ತೂ ಹಾಗಲಕಾಯಿಯ ರಸ, ನೆನೆಸಿದ ಮೆಂತ್ಯ, ಬಿಸಿನೀರು. ಬೆಳಿಗ್ಗೆ ಸಂಜೆ ಐದು ಅಂತಸ್ತಿನ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯುವುದು. ಇದರ ಜೊತೆಗೆ ವೀರಾಯಿಯ ಮಾತ್ರೆ, ಆಳಿಗೆ ದಿನಕ್ಕೊಂದು. ವೀರಾಯಿ ಹೇಗೂ ಫೇಲಾದವಳು. ಅವಳಿಗೆ ಮಾತ್ರೆ ಯಾತಕ್ಕೆ, ಪಾಸಾಗುವವರಿಗಾದರೂ ಉಪಯೋಗವಾಗಲಿ ಎಂದು ಎಲ್ಲರೂ ಒಪ್ಪಿದರು. ವೀರಾಯಿ ಸೆರಗಿನಲ್ಲಿ ಮಾತ್ರೆ ಕಟ್ಟಿಕೊಂಡು ಮನೆ ಮನೆಗೂ ಹಂಚಿದಳು.

"ನಾನೊಬ್ಬಳು ಕಾಯಿಲೆ ಬಿದ್ದಿರೋದ್ರಿಂದ ತಾನೇ ನೀವೆಲ್ಲ ಗಟ್ಟಿಯಾಗಿರೋದು," ಎಂದು ಅವಳು ಪವುನಮ್ಮನನ್ನು ಚುಚ್ಚುತ್ತಿದ್ದಳು. "ಹಬ್ಬಕ್ಕೆ ನನಗೊಂದು ಸೀರೆ ತೆಗೆದುಕೊಡಕ್ಕಾ."

"ಮೊದ್ಲು ನೀನು ಪಾಸಾಗೇ. ಆಮೇಲೆ ಸೀರೆ."

ನಾನೂ ಆ ರಸ ಕುಡಿದಿದ್ದೇನೆ. ಸುಳ್ಳು ಹೇಳಬಾರದು.

ಭಾನುವಾರ ಬೆರಳು ಚುಚ್ಚಿಸಿಕೊಂಡ ಕೂಡಲೇ ಪಥ್ಯ ಮುಗಿಯುತ್ತಿತ್ತು. ಗುಡಿಯ ಹಿಂಭಾಗದಲ್ಲಿ ಡಬ್ಬಿಹಾಲಿನ ಚಹಾ, ಪವುನಮ್ಮನ ವಡೆ, ಒಂದು ದೊಡ್ಡ ತಟ್ಟೆ ಕೇಸರಿಬಾತು. ಮೂರು ದಿನದ ಹಸಿವು ಒಂದು ಗಂಟೆಯಲ್ಲಿ ತೀರುತ್ತಿತ್ತು. ಮಿಸ್ಸಿ ರೊಕಿಯಾ ಸಾಮಾನು ಕಟ್ಟುತ್ತ ನಮ್ಮ ಕಡೆ ನೋಡಿ ನಗುತ್ತಿದ್ದರು. ಅವರ ಪುಸ್ತಕದಲ್ಲಿ ಈಗ ಕೆಂಪು ಗೀಟುಗಳು ನಾಲ್ಕೋ ಐದೋ. ಹಳದಿ ಕಂಬ ಕುಳ್ಳಾಗುತ್ತ ಬಂದು, ಒಂದೂವರೆ ವರ್ಷದಲ್ಲಿ ಮಲಾಯರ ಕಂಬಕ್ಕಿಂತ ಕೆಳಗಿಳಿಯಿತು. ಅಧಿಕಾರಿಗಳು ಬೇರೆ ಬೇರೆ ಊರಿನ ಸಭೆಗಳಲ್ಲಿ ನಮ್ಮ ಊರಿನ ಹೆಸರು ಹೇಳತೊಡಗಿದರಂತೆ.

ಪವುನಮ್ಮನ ಅಂಕಿ ಐದೂ ಕಾಲು. ಹದಿಮೂರರಿಂದ ಐದೂ ಕಾಲಿಗೆ ಇಳಿದವಳು ರಾಜ್ಯದಲ್ಲೇ ಬೇರೆ ಇಲ್ಲವೆಂದು ಅವಳ ಫೋಟೋ ತೆಗೆದು, ಮೂರು ಭಾಷೆಯಲ್ಲಿ ಬರೆಸಿ, ದೊಡ್ಡದಾಗಿ ಅಚ್ಚುಹಾಕಿಸಿದರು. ಕೈಯಲ್ಲಿ ಹಾಗಲಕಾಯಿ ಹಿಡಿದು ಅವಳು ನಗುತ್ತಿದ್ದಾಳೆ. "ನನ್ನಿಂದ ಆಯಿತು, ನಿಮ್ಮಿಂದಲೂ ಆಗುತ್ತದೆ" ಎಂದು ಕೆಳಗೆ ಬರೆದಿತ್ತು. ಆ ಚಿತ್ರವನ್ನು ಬಸ್ ನಿಲ್ದಾಣದಲ್ಲಿ, ಅಂಚೆ ಕಚೇರಿಯಲ್ಲಿ, ಗುಡಿಯ ಕಂಬದ ಮೇಲೆ ಅಂಟಿಸಿದರು. ಹಾಗಲಕಾಯಿ ಹಿಡಿದುಕೊಂಡು ನಗುವ ಹೆಂಗಸು ಭೂಮಿಯ ಮೇಲೆ ಇವಳೊಬ್ಬಳೇ ಎಂದು ವೀರಾಯಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಮರುವರ್ಷ ಸನ್ಮಾನದ ಸಭೆ ಏರ್ಪಾಡಾಯಿತು. ಪವುನಮ್ಮನಿಗೆ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಬಹುಮಾನ. ಆರೋಗ್ಯವಂತರು ದಿನವೂ ನಡೆಯಬೇಕಲ್ಲ, ಅದಕ್ಕೆ. ಕಚೇರಿಯವರು ಬಹುಮಾನದ ಶೂಗಳನ್ನೆಲ್ಲ ಒಂದೇ ಅಳತೆಯಲ್ಲಿ ತರಿಸಿದ್ದರು. ಮೂವತ್ತು ವರ್ಷ ಬರಿಗಾಲಿನಲ್ಲಿ ರಬ್ಬರ್ ಕಾಡು ತುಳಿದ ಪವುನಮ್ಮನ ಪಾದ ಮೊರದಷ್ಟು ಅಗಲ. ಆದರೂ ವೇದಿಕೆಯ ಮೇಲೆಯೇ ಅದನ್ನು ಶೂವಿನೊಳಗೆ ತುರುಕಿದಳು. ಬಿಗಿಯಾಯಿತೇ ಎಂದು ನಾನು ಕೆಳಗಿನಿಂದ ಸನ್ನೆ ಮಾಡಿ ಕೇಳಿದೆ. ಏನೂ ಗೊತ್ತಾಗುವುದೇ ಇಲ್ಲ, ಒಳ್ಳೆಯ ಶೂ ಎಂದು ಅಲ್ಲಿಂದಲೇ ಹೇಳಿ ತಲೆದೂಗಿದಳು.

ಆಮೇಲೆ ಅಧಿಕಾರಿಗಳು ಭಾಷಣ ಮಾಡಿದರು. ಬುಕಿಟ್ ಸೆರಾಯಿಯಲ್ಲಿ ಅಂತರ ಇಳಿದಿದೆ, ಯೋಜನೆ ಗೆದ್ದಿದೆ. ಆದ್ದರಿಂದ ಮುಂದಿನ ತಿಂಗಳ ಭೇಟಿಯೇ ಕೊನೆಯದು. ಆಮೇಲೆ ವ್ಯಾನು ಕಂಬ ಇನ್ನೂ ಎತ್ತರವಾಗಿರುವ ಮತ್ತೊಂದು ಊರಿಗೆ ಹೋಗುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಮ್ಮಲ್ಲಿ ಚಪ್ಪಾಳೆ ಮೊದಲು ಬರುತ್ತದೆ, ಅರ್ಥ ಆಮೇಲೆ.

ಚಪ್ಪಾಳೆ ನಿಂತ ಮೇಲೆ ವೀರಾಯಿ ಕೂತಲ್ಲಿಂದಲೇ, ತನ್ನ ಮಾತ್ರೆಯ ಗತಿಯೇನು ಎಂದು ಕೇಳಿದಳು. ಜಿಲ್ಲಾ ಆಸ್ಪತ್ರೆ ಇದೆಯಲ್ಲ ಎಂದು ಅಧಿಕಾರಿಗಳು ಪ್ರೀತಿಯಿಂದಲೇ ಹೇಳಿದರು. ಅವರ ಕಾರು ಹೊರಗೆ ನಿಂತಿತ್ತು.

ಮೂರು ವಾರ ಕಳೆದಿರಬಹುದು. ಒಂದು ಬುಧವಾರ ಬೆಳಿಗ್ಗೆ ವೀರಾಯಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಬಿಳಿ ಕಾಲುಚೀಲ ಹಾಕಿಕೊಂಡು ನನ್ನ ಮನೆಗೆ ಬಂದಳು. ಪವುನಮ್ಮ ಒಗೆದು ಒಣಹಾಕಿದ್ದ ಕಾಲುಚೀಲ ಅದು. ಹೆಬ್ಬೆರಳಿನ ಜಾಗದಲ್ಲಿ ಅಂಗೈಯಗಲ ಕಂದು ಕಲೆ.

"ಸಾಂಬಾರು ಚೆಲ್ಲಿದ್ದಂತೆ," ಎಂದಳು ವೀರಾಯಿ. "ಕಾಲುಚೀಲದ ಒಳಗಡೆಗೆ ಸಾಂಬಾರು ಹೇಗೆ ಚೆಲ್ಲುತ್ತೆ ಮೇಷ್ಟ್ರೇ?"

ಇಬ್ಬರೂ ಕೆಳಗಿಳಿದು ಹೋದೆವು. ಪವುನಮ್ಮ ಬಿಳಿ ಶೂ ಹಾಕಿಕೊಂಡೇ ಬಾಣಲೆಯ ಮುಂದೆ ಕೂತಿದ್ದಳು. ಬಸ್ಸಿಗೆ ಬರುವವರು ಗೋಡೆಯ ಮೇಲಿನ ಚಿತ್ರ ನೋಡಿ ಇವಳನ್ನು ನೋಡುತ್ತಿದ್ದರಿಂದ ಶೂ ಬಿಚ್ಚುವಂತಿರಲಿಲ್ಲವಂತೆ. ಪಾದ ತೋರಿಸು ಎಂದೆ. ಮೇಷ್ಟರ ಮುಂದೆ ಕಾಲು ಚಾಚುವುದು ಮರ್ಯಾದೆಯಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದಳು. ವೀರಾಯಿ ಮರ್ಯಾದೆಯ ಗೊಡವೆಗೆ ಹೋಗದೆ ನೆಲದ ಮೇಲೆ ಕೂತು ಶೂ ಎಳೆದಳು.

ಹೆಬ್ಬೆರಳಿನ ಬುಡದಲ್ಲಿ ನಾಣ್ಯದಷ್ಟು ಗುಂಡಿ ಬಿದ್ದಿತ್ತು. ಅಂಚು ಕಪ್ಪಾಗಿತ್ತು. ಪಕ್ಕದ ಬೆರಳೂ ಬಣ್ಣ ತಿರುಗಿತ್ತು. ವಾಸನೆಯ ವಿಷಯ ಬರೆಯುವುದು ಬೇಡ.

"ನೋವಿಲ್ಲ," ಎಂದಳು ಪವುನಮ್ಮ. "ನೋವಿದ್ರೆ ತಾನೇ ಕಾಯಿಲೆ?"

ಅಂದಿನಿಂದ ಮೂರು ದಿನ ಬಿಟ್ಟು, ಭಾನುವಾರ, ವ್ಯಾನಿನ ಕೊನೆಯ ಭೇಟಿ. ಇವತ್ತೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗೋಣ ಎಂದೆ. ಒಲ್ಲೆ ಎಂದಳು. ಹೋಗಲಿ, ಭಾನುವಾರ ಮಿಸ್ಸಿಗಾದರೂ ತೋರಿಸು ಎಂದೆ. ಅದಕ್ಕೂ ಒಲ್ಲೆ. ಚಿತ್ರ ಹರಿದುಹಾಕುತ್ತಾರೆ, ತನ್ನೊಬ್ಬಳ ಕಾಲಿನಿಂದ ಎಲ್ಲರ ಕಂಬವೂ ಮೇಲೇರುತ್ತದೆ, ಅರವತ್ತು ಜನರ ಮಾನ ಹೋಗುತ್ತದೆ ಎಂದು ಏನೇನೋ ಹೇಳಿದಳು. ನಾನು ಬಿಡದೆ ನಿಂತಾಗ, ಬಾಣಲೆಯಿಂದ ಕಣ್ಣು ತೆಗೆಯದೆ, ನಿಜವಾದ ಮಾತನ್ನು ಕೇಳಿದಳು.

"ತೋರಿಸಿದ್ರೆ ಹೆಸರು ಹೊಡೆದು ಹಾಕ್ತಾರಾ, ಮೇಷ್ಟ್ರೇ?"

ನಲವತ್ತು ವರ್ಷ ಹಿಂದೆ ಹೊರಟುಹೋದ ಎತ್ತಿನ ಗಾಡಿ ನನ್ನ ಕಣ್ಣಿಗೆ ಬಂತು. ಇಲ್ಲವಮ್ಮ ಎಂದು ಹೇಳಲು ಬಾಯಿ ತೆರೆದವನಿಗೆ, ಅಷ್ಟು ಹೇಳಿದರೆ ಸಾಲದು ಎನ್ನಿಸಿತು. ಎರಡು ವರ್ಷದಿಂದ ನನ್ನ ಕಣ್ಣಮುಂದೆಯೇ ಇದ್ದು ನನಗೆ ಕಾಣದಿದ್ದ ವಿಷಯ ಆ ಹೊತ್ತಿಗೆ ಕಂಡಿತು.

"ಇದು ತೋಟದ ಪೆರಟ್ಟಲ್ಲ ಪವುನಮ್ಮ. ಇಲ್ಲಿ ಕಾಯಿಲೆ ಇರೋರ ಹೆಸರೇ ಉಳಿಯೋದು. ವೀರಾಯಿಗೆ ಕಾರ್ಡು ಸಿಕ್ತಲ್ಲ, ಮಾತ್ರೆ ಸಿಕ್ತಲ್ಲ? ಹೊಡೆದು ಹಾಕ್ತಿರೋದು ಪಾಸಾದೋರ ಹೆಸರನ್ನ. ವ್ಯಾನು ಯಾಕೆ ಹೋಗ್ತಿದೆ ಅಂದ್ಕೊಂಡೆ? ನಾವೆಲ್ಲ ಪಾಸಾದ್ವಿ, ಅದಕ್ಕೆ."

ಅವಳ ಜಾಲರಿ ಸೌಟು ಕೈಯಲ್ಲಿ ಹಾಗೆಯೇ ಇತ್ತು. ಪವುನಮ್ಮನ ವಡೆ ಕರಕಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಗೆ, ಭಾನುವಾರ ಮಿಸ್ಸಿಗೆ ತೋರಿಸುತ್ತೇನೆ ಎಂದು ಒಪ್ಪಿದಳು. ಅಲ್ಲಿಯವರೆಗೆ ಗುಡಿಯ ಅರ್ಚಕರು ಬಂದು ಹೇಳಿದರೂ ಕದಲುವುದಿಲ್ಲ, ತಾನೊಬ್ಬಳೇ ಹೋಗಿ ತೋರಿಸಿಕೊಂಡರೆ ಮುಗಿಯುವುದಲ್ಲ, ಎಲ್ಲರ ಹೆಸರೂ ಉಳಿಯಬೇಕು, ಎಂದಳು. ಆ ಮೂರು ದಿನ ಕಾಯ್ದದ್ದು ನನ್ನ ತಪ್ಪು. ಅವಳನ್ನು ಹೊತ್ತಾದರೂ ಬಸ್ಸಿಗೆ ಹಾಕಬೇಕಿತ್ತು.

ಗುರುವಾರ ಸಂಜೆ, ಪಥ್ಯ ಶುರುವಾಗುವ ಹೊತ್ತಿಗೆ, ಪವುನಮ್ಮ ಎಲ್ಲರನ್ನೂ ಮೆಟ್ಟಿಲಿನ ಕೆಳಗೆ ಕರೆಸಿದಳು. ಈ ಭಾನುವಾರ ಎಲ್ಲರೂ ಫೇಲಾಗಬೇಕು ಎಂದು ಅಪ್ಪಣೆ ಕೊಟ್ಟಳು. ಕಾರಣವನ್ನೂ ಹೇಳಿದಳು. ಅವಳ ಉದ್ದೇಶವಿದ್ದದ್ದು ಇಷ್ಟೇ: ಪಥ್ಯ ಮಾಡಬೇಡಿ, ಇದ್ದ ಹಾಗೆ ಬನ್ನಿ. ಆದರೆ ನಮ್ಮವರಿಗೆ ಪರೀಕ್ಷೆ ಎಂದ ಮೇಲೆ ಇದ್ದ ಹಾಗೆ ಹೋಗುವುದು ಗೊತ್ತಿಲ್ಲ. ಪಾಸಾಗಲು ಎಷ್ಟು ಶ್ರದ್ಧೆಯಿಂದ ತಯಾರಾಗುತ್ತಿದ್ದರೋ ಅಷ್ಟೇ ಶ್ರದ್ಧೆಯಿಂದ ಫೇಲಾಗಲು ತಯಾರಾದರು. ಮೂರು ದಿನ ಫ್ಲಾಟಿನ ಮೆಟ್ಟಿಲ ತುಂಬ ತುಪ್ಪದ ವಾಸನೆ. ಜಿಲೇಬಿ, ಕೇಸರಿಬಾತು, ಡಬ್ಬಿಹಾಲನ್ನು ಚಮಚದಿಂದ ನೇರವಾಗಿ. ತಲೆ ಸುತ್ತಿದವರನ್ನು ಇನ್ನೆರಡೇ ದಿನ ತಡೆದುಕೋ ಎಂದು ಸಮಾಧಾನ ಮಾಡಿದರು. ಯಾರಿಗೂ ಬೇಡವಾದ ವೀರಾಯಿಯ ಮಾತ್ರೆ ಮಾತ್ರ ಅವಳ ಸೆರಗಿನಲ್ಲೇ ಉಳಿಯಿತು. ಬಿಸಾಡುವುದು ಯಾಕೆಂದು ಅವಳೇ ನುಂಗಿದಳು.

ಭಾನುವಾರ ಮಿಸ್ಸಿ ರೊಕಿಯಾ ಮೊದಲ ಬೆರಳು ಚುಚ್ಚಿದರು: ಹದಿನಾರು. ಎರಡನೆಯದು ಹತ್ತೊಂಬತ್ತು. ಮೂರನೆಯದಕ್ಕೆ ಯಂತ್ರ ಅಂಕಿಯನ್ನೇ ತೋರಿಸದೆ, ಮಿತಿ ಮೀರಿದೆ ಎಂದಿತು. ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದರು, ಅದೂ ಹಾಗೆಯೇ. ವೀರಾಯಿಯ ಸರದಿ ಬಂತು. ಐದೂ ಮುಕ್ಕಾಲು.

ವೀರಾಯಿ ಮುಖ ಮುಚ್ಚಿಕೊಂಡಳು. "ಹುಟ್ಟಿದ ಮೇಲೆ ಒಂದೇ ಸಲ ಪಾಸಾದೆ. ಅದೂ ಬೇಡದೇ ಇರೋ ದಿನ."

ಮಿಸ್ಸಿ ರೊಕಿಯಾ ಯಂತ್ರ ಕೆಳಗಿಟ್ಟು, ಎದ್ದು ಗುಡಿಯ ಹಿಂಭಾಗಕ್ಕೆ ಹೋಗಿ ನೋಡಿ ಬಂದರು. ಜಿಲೇಬಿಯ ಖಾಲಿ ತಟ್ಟೆಗಳು ಅಲ್ಲಿದ್ದವು. ಬಂದವರು ನನ್ನ ಮುಂದೆ ನಿಂತರು. ಅವರು ಸಣ್ಣ ಧ್ವನಿಯವರು. ಸಿಟ್ಟಿನಲ್ಲಿಯೂ ಅದು ದೊಡ್ಡದಾಗುವುದಿಲ್ಲ. ಇವರಲ್ಲಿ ಯಾರಾದರೂ ಇಲ್ಲೇ ಬಿದ್ದು ಸತ್ತಿದ್ದರೆ ಏನು ಮಾಡುತ್ತಿದ್ದಿರಿ, ಗುರುಗಳೇ, ಎಂದು ಕೇಳಿದರು. ಪಥ್ಯದ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರು ಕುರ್ಚಿಯ ಮೇಲೆ ಕೂತು ಎಲ್ಲವನ್ನೂ ಕೇಳಿದರು. ಎರಡು ವರ್ಷದ ಪುಸ್ತಕವನ್ನು ಒಮ್ಮೆ ತಿರುವಿ ಮುಚ್ಚಿದರು.

ಆಮೇಲೆ ವ್ಯಾನಿನಿಂದ ಒಂದು ಪೆಟ್ಟಿಗೆ ತುಂಬ ಸಣ್ಣ ಗಾಜಿನ ಕೊಳವೆಗಳನ್ನು ತರಿಸಿದರು. ಈ ಸಲ ತೋಳಿನಿಂದ ರಕ್ತ ತೆಗೆಯುವುದು, ಇದು ಮೂರು ದಿನದ್ದಲ್ಲ, ಮೂರು ತಿಂಗಳ ಸಕ್ಕರೆಯನ್ನು ಹೇಳುತ್ತದೆ. ನೀವು ಹಾಗಲಕಾಯಿ ಕುಡಿದರೂ ಅಷ್ಟೇ, ಜಿಲೇಬಿ ತಿಂದರೂ ಅಷ್ಟೇ, ಎಂದರು. ಅಷ್ಟು ಹೊತ್ತು ಹಿಂದೆ ನಿಂತಿದ್ದ ಪವುನಮ್ಮ ಮಾತಾಡಿದಳು.

"ಹಾಗಾದ್ರೆ ರಕ್ತದ ಒಳಗೇ ಒಬ್ಬ ಕಂಗಾಣಿ ಕೂತಿದಾನೆ ಅನ್ನಿ, ಮಿಸ್ಸಿ."

"ಕೂತಿದಾನೆ ಅಜ್ಜಿ. ನಿದ್ದೇನೂ ಮಾಡಲ್ಲ ಅವನು."

ಪವುನಮ್ಮ ಕುಂಟಿಕೊಂಡು ಮುಂದೆ ಬಂದು, ಬೆಂಚಿನ ಮೇಲೆ ಕೂತು, ಬಿಳಿ ಶೂ ಬಿಚ್ಚಿದಳು. ಬಲಗಾಲನ್ನು ಎರಡೂ ಕೈಗಳಲ್ಲಿ ಎತ್ತಿ ಮೇಜಿನ ಮೇಲಿಟ್ಟಳು, ಪೆರಟ್ಟಿನಲ್ಲಿ ರಬ್ಬರ್ ಹಾಲಿಳಿಸುವ ಕತ್ತಿ, ಬಕೆಟ್ಟು ತೋರಿಸುವ ಹಾಗೆ.

ಮಿಸ್ಸಿ ರೊಕಿಯಾ ಆ ಪಾದವನ್ನು ಹಿಡಿದುಕೊಂಡು ನೋಡಿದರು. ನೋಡುತ್ತ ಅವರ ಕಣ್ಣು ತುಂಬಿತು. ಅವರ ತಲೆಯ ಹಿಂದೆಯೇ, ಗುಡಿಯ ಕಂಬದ ಮೇಲೆ, ಅದೇ ಹೆಂಗಸು ಹಾಗಲಕಾಯಿ ಹಿಡಿದು ನಗುತ್ತಿದ್ದಳು.

ಬೆರಳು ಚುಚ್ಚುವುದು ಉಳಿದಿದ್ದರೂ ಬಿಟ್ಟು, ರಕ್ತದ ಕೊಳವೆಗಳನ್ನಷ್ಟೇ ತುಂಬಿಸಿಕೊಂಡು, ವ್ಯಾನಿನಲ್ಲೇ ಪವುನಮ್ಮನನ್ನು ಮಲಗಿಸಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ನಾನೂ ವೀರಾಯಿಯೂ ಜೊತೆಗೆ ಹೋದೆವು. ದಾರಿಯುದ್ದಕ್ಕೂ ಪವುನಮ್ಮ ಕೇಳಿದ್ದು ಒಂದೇ: ತನ್ನ ಹೆಸರು ಪುಸ್ತಕದಲ್ಲಿ ಬರೆದುಕೊಂಡರೇ? ಬರೆದುಕೊಂಡರು ಎಂದು ವೀರಾಯಿ ಹತ್ತು ಸಲ ಹೇಳಿದಳು. ಕೆಂಪು ಶಾಯಿಯಲ್ಲಾ? ಕೆಂಪು ಶಾಯಿಯಲ್ಲೇ ಅಕ್ಕ, ಎಲ್ಲರಿಗಿಂತ ಮೇಲೆ.

ಎರಡು ಬೆರಳು ಹೋದವು, ಪಾದ ಉಳಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಮೊಣಕಾಲಿನವರೆಗೆ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಮೊದಲ ತಿಂಗಳಲ್ಲೇ ಮಾತ್ರೆ ಶುರು ಮಾಡಿದ್ದರೆ ಬೆರಳೂ ಹೋಗಬೇಕಿರಲಿಲ್ಲ ಎಂದೂ ಹೇಳಿದರು. ಅದನ್ನು ನಾನು ಪವುನಮ್ಮನಿಗೆ ಹೇಳಲಿಲ್ಲ. ಅವಳು ಹನ್ನೊಂದು ದಿನ ಹಾಸಿಗೆಯಲ್ಲಿದ್ದು, ಅಕ್ಕಪಕ್ಕದ ರೋಗಿಗಳಿಗೆ ಆಸ್ಪತ್ರೆಯ ಸಾರು ಹೇಗಿರಬೇಕಿತ್ತು ಎಂದು ವಿವರಿಸುತ್ತಿದ್ದಳು.

ಕೊಳವೆಗಳ ಫಲಿತಾಂಶ ಬಂತು. ಅರವತ್ತರಲ್ಲಿ ನಲವತ್ತಾರು ಜನಕ್ಕೆ ಕಾಯಿಲೆ. ಪವುನಮ್ಮನೇ ಮೊದಲನೆಯವಳು. ಹಳದಿ ಕಂಬ ಎರಡು ವರ್ಷದ ಹಿಂದೆ ಇದ್ದದ್ದಕ್ಕಿಂತ ಎತ್ತರವಾಯಿತು. ಅಧಿಕಾರಿಗಳು ಬಂದು ಬಹಳ ಹೊತ್ತು ಬೆವರಿದರು. ಕೊನೆಗೆ, ಬುಕಿಟ್ ಸೆರಾಯಿಯಲ್ಲಿ ಒಂದೇ ತಿಂಗಳಲ್ಲಿ ಕಾಯಿಲೆ ಹಠಾತ್ತನೆ ಏರಿದೆ, ಇದನ್ನು ಅಧ್ಯಯನ ಮಾಡಬೇಕು, ಆದ್ದರಿಂದ ವ್ಯಾನು ಇನ್ನೂ ಐದು ವರ್ಷ ಬೇಕು ಎಂದು ವರದಿ ಬರೆದರಂತೆ. ಮಂಜೂರಾಯಿತು. ತಿಂಗಳಿಗೊಮ್ಮೆ ಬರುತ್ತಿದ್ದ ವ್ಯಾನು ಈಗ ಎರಡು ಸಲ ಬರುತ್ತದೆ. ನಲವತ್ತಾರು ಜನಕ್ಕೂ ಕಾರ್ಡಿದೆ. ವೀರಾಯಿಯ ಮಾತ್ರೆಯನ್ನು ಕೇಳುವವರಿಲ್ಲದೆ ಅವಳ ಆರೋಗ್ಯ ಸುಧಾರಿಸಿದೆ. ಪವುನಮ್ಮ ಮಾತಿಗೆ ತಪ್ಪದೆ ಸೀರೆ ಕೊಡಿಸಿದ್ದಾಳೆ.

ಹಾಗಲಕಾಯಿಯ ಚಿತ್ರವನ್ನು ಊರಿನ ಗೋಡೆಗಳಿಂದೆಲ್ಲ ಕಿತ್ತರು. ಅದರ ಬದಲು ಬೇರೊಂದು ಬಂತು: ಎರಡು ಬೆರಳಿಲ್ಲದ ಒಂದು ಪಾದ, ಕೆಳಗೆ "ದಿನವೂ ನಿಮ್ಮ ಪಾದವನ್ನು ನೋಡಿಕೊಳ್ಳಿ" ಎಂಬ ಮಾತು. ಮುಖವಿಲ್ಲ, ಹೆಸರಿಲ್ಲ. ಪವುನಮ್ಮನಿಗೆ ಇದು ಸಮಾಧಾನವಿಲ್ಲ. ಕಾಯಿಲೆ ಇಲ್ಲದಾಗ ಮುಖ ಹಾಕಿದರು, ಕಾಯಿಲೆ ಬಂದಾಗ ಬರಿ ಕಾಲು ಹಾಕಿದ್ದಾರೆ, ಇದು ಯಾವ ನ್ಯಾಯ ಎಂದು ಮಿಸ್ಸಿಯನ್ನು ಕೇಳಿದ್ದಾಳೆ. ಬಸ್ಸಿಗೆ ಕಾಯುವವರಿಗೆ, ಅದು ನಂದೇ ಕಾಲು ಎಂದು ತೋರಿಸುತ್ತಾಳೆ.

ಮಿಸ್ಸಿ ರೊಕಿಯಾ ಈಗ ನನಗೆ ದಿನಾಂಕ ಹೇಳುವುದಿಲ್ಲ. ಯಾವತ್ತೋ ಬರುತ್ತಾರೆ. ಗುಡಿಯ ಕಪ್ಪುಹಲಗೆಯ ಮೇಲೆ ನಾನು ಹಬ್ಬದ ತಿಥಿಗಳನ್ನು ಬರೆಯುತ್ತೇನೆ. ಪವುನಮ್ಮ ಮಾತ್ರ ಬೆಳಿಗ್ಗೆ ಆರಕ್ಕೆ ತನ್ನದೇ ಪೆರಟ್ಟು ನಡೆಸುತ್ತಾಳೆ. ಮೆತ್ತನೆಯ ಅಗಲ ಚಪ್ಪಲಿ ಹಾಕಿಕೊಂಡು, ಬಾಣಲೆಯ ಪಕ್ಕದಲ್ಲಿ ಒಂದು ಮಣೆ, ಒಂದು ಕೈಗನ್ನಡಿ ಇಟ್ಟುಕೊಂಡಿರುತ್ತಾಳೆ. ಕಾರ್ಡು ಇದ್ದವರು ಬಂದು ಮಣೆ ಮೇಲೆ ಅಂಗಾಲು ತೋರಿಸಬೇಕು. ತೋರಿಸಿದರೆ ಒಂದು ವಡೆ; ಎರಡನೆಯದು ಯಾರು ಬೇಡಿದರೂ ಇಲ್ಲ.

ಕಾರ್ಡಿದ್ದವರಲ್ಲಿ ನಾನೂ ಒಬ್ಬ. ಮೊನ್ನೆ ಎರಡು ದಿನ ಹೋಗಿರಲಿಲ್ಲ. ಮೂರನೆಯ ದಿನ ಹೋಗಿ ಮಣೆಯ ಮೇಲೆ ಪಾದ ಇಟ್ಟೆ. ಮೇಷ್ಟರ ಮುಂದೆ ಕಾಲು ಚಾಚಲು ನಾಚಿದವಳು ಈಗ ಮೇಷ್ಟರ ಕಾಲನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಕನ್ನಡಿ ಹಿಡಿದಳು, ಬೆರಳ ಸಂದು ಬಿಡಿಸಿದಳು, ಬಗ್ಗಿ ಮೂಸಿದಳು.

"ಬೆಳಿಗ್ಗೆ ಎದ್ದು ಸೋಪು ಹಾಕಿ ತಿಕ್ಕಿ, ಎಣ್ಣೆ ಹಚ್ಕೊಂಡು ಬಂದಿದೀರಿ, ಅಲ್ವಾ ಮೇಷ್ಟ್ರೇ?"

ಹೌದೆಂದು ಒಪ್ಪಿಕೊಂಡೆ.

"ನಾಳೆ ಇದ್ದ ಹಾಗೇ ಬನ್ನಿ," ಎಂದು ಹೇಳಿ, ವಡೆ ಕೊಡದೆ ಕಳಿಸಿದಳು.